ಚಾಕಿ ಕೋಣೆಯ ಹದ್ದು

ನಮ್ಮೂರಿನಲ್ಲಿ ಈಗ ಹೇಳುತ್ತಿರುವ ಕಥೆಯ ಪ್ರಕಾರ, ನಾನು ಸಾಕಿದ್ದ ಹದ್ದಿನ ಮರಿಯನ್ನು ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟು ಕೊಂದರು. ಇನ್ನೊಂದು ಕಥೆಯೂ ಇದೆ: ಹದ್ದು ಹೊಸ್ತಿಲು ದಾಟಿ ಒಳಗೆ ಬರಬಾರದು, ಬಂದದ್ದರಿಂದ ಹಾಗಾಯಿತು. ಮೊದಲನೆಯದರಲ್ಲಿ ಇಂಜೆಕ್ಷನ್ ಎಂಬುದಷ್ಟೇ ನಿಜ. ಎರಡನೆಯದರಲ್ಲಿ ಏನೂ ನಿಜವಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಕೊಳ್ಳುವುದು ನನ್ನ ಸ್ವಭಾವದಲ್ಲಿಲ್ಲ. ಎಪ್ಪತ್ತೆರಡು ವರ್ಷ ಹಾಗೆಯೇ ಕಳೆದಿವೆ. ಈ ಎರಡು ಕಥೆಗಳನ್ನೂ ಅಲ್ಲಗಳೆಯುವವನು ನಡೆದದ್ದನ್ನು ಬರೆದಿಡಬೇಕಾಗುತ್ತದೆ.

ಶಿಡ್ಲಘಟ್ಟಕ್ಕೆ ಹತ್ತಿರದ ಹಳ್ಳಿ ನಮ್ಮದು. ನಾನು ಶಾಲೆಯಲ್ಲಿ ಓದಿದ್ದು ಏಳನೆಯ ತರಗತಿಯವರೆಗೆ. ಉಳಿದದ್ದನ್ನು ಗ್ರಂಥಾಲಯದಲ್ಲಿ, ರೇಷ್ಮೆ ಇಲಾಖೆಯವರು ಹಂಚುತ್ತಿದ್ದ ಕೈಪಿಡಿಗಳಲ್ಲಿ ಮತ್ತು ನನ್ನದೇ ನೋಟ್ ಪುಸ್ತಕಗಳಲ್ಲಿ ಕಲಿತೆ. ಮೊಟ್ಟೆಯೊಡೆದ ರೇಷ್ಮೆ ಹುಳು ಎರಡು ಸಲ ಪೊರೆ ಬಿಡುವವರೆಗಿನ ಎಳೆಯ ಕಾಲವನ್ನು ನಮ್ಮ ಕಡೆ ಚಾಕಿ ಎನ್ನುತ್ತಾರೆ. ಆ ಎಂಟೊಂಬತ್ತು ದಿನ ತಪ್ಪಿದರೆ ಬೆಳೆ ತಪ್ಪಿತು. ಕುಡಿಯ ಎಳೆಸೊಪ್ಪನ್ನೇ ಆರಿಸಿ, ತೊಟ್ಟು ತೆಗೆದು, ನವಿರಾಗಿ ಕತ್ತರಿಸಿ ಹಾಕಬೇಕು. ನೇರ ಬಿಸಿಲು ತಾಗಬಾರದು. ಒಳಗೆ ಹೋಗುವವನು ಬಾಗಿಲಲ್ಲಿಟ್ಟ ಸುಣ್ಣದ ಪುಡಿಯನ್ನು ತುಳಿದು ಹೋಗಬೇಕು. ಪೊರೆ ಬಿಡುವ ಮುಂಚೆ ಹುಳು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಆಗ ಮೇವು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಸುತ್ತಲಿನ ನಾಲ್ಕು ಊರುಗಳಿಂದ ಜನ ಚಾಕಿ ಕಟ್ಟಿಸಿಕೊಳ್ಳಲು ನನ್ನ ಬಳಿ ಬರುತ್ತಿದ್ದ ಕಾಲವೊಂದಿತ್ತು. ಈಗ ಎಲ್ಲರೂ ಚಾಕಿ ಕೇಂದ್ರಗಳಿಂದ ಎರಡನೆಯ ಜ್ವರ ಎದ್ದ ಹುಳುವನ್ನೇ ತರುತ್ತಾರೆ. ಅದು ಒಳ್ಳೆಯ ಏರ್ಪಾಟು, ನಾನು ದೂರುತ್ತಿಲ್ಲ. ಆದರೆ ಮೂರು ವರ್ಷಗಳಿಂದ ನನ್ನ ಚಾಕಿ ಕೋಣೆ ಖಾಲಿಯಿತ್ತು. ಖಾಲಿಯಿದ್ದರೂ ವರ್ಷಕ್ಕೊಮ್ಮೆ ಸುಣ್ಣ ಬಳಿಸುತ್ತಿದ್ದೆ.

ಬೇಸಿಗೆಯ ಮೊದಲಲ್ಲಿ ರಸ್ತೆ ಅಗಲ ಮಾಡುವುದಕ್ಕಾಗಿ ಊರ ಹೊರಗಿನ ದೊಡ್ಡ ಹುಣಸೆಮರವನ್ನು ಉರುಳಿಸಿದರು. ಅದರ ನೆತ್ತಿಯಲ್ಲಿ ಹದ್ದಿನ ಗೂಡಿತ್ತು. ಗೂಡು ಕೊಂಬೆಗಳ ಸಮೇತ ಕೆಳಕ್ಕೆ ಬಂದು ಎಲೆಗಳ ಮೇಲೆ ಕುಳಿತುಕೊಂಡಿತು. ಒಳಗೆ ಎರಡು ಮರಿಗಳಿದ್ದವು. ಬಿಳಿಯ ತುಪ್ಪಳ, ಕಪ್ಪು ಕಣ್ಣು, ಕೋಳಿಮರಿಗಿಂತ ಸ್ವಲ್ಪ ದೊಡ್ಡ ದೇಹ. ಎರಡಕ್ಕೂ ಪೆಟ್ಟಾಗಿರಲಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ, ಮುಂದೆ ಬರುತ್ತದೆ.

ಆ ದಿನ ನನ್ನ ತಂಗಿ ಬಂದಿದ್ದಳು. ಅವಳನ್ನು ಕೊಟ್ಟಿರುವುದು ಚಿಂತಾಮಣಿಯ ಆಚೆ, ಅಂಬಾಜಿದುರ್ಗದ ಬೆಟ್ಟದ ಬುಡದ ಊರಿಗೆ. ಅವಳು ಶಾಲೆಯ ಮುಖ ನೋಡಿದವಳಲ್ಲ. ಕೋಳಿ ಸಾಕುತ್ತಾಳೆ. ಮರಿಗಳನ್ನು ಮಂಕರಿಯಲ್ಲಿಟ್ಟು ಮನೆಗೆ ತಂದಾಗ ಅವಳೇ ಮೊದಲು ಕೈ ಹಾಕಿದಳು.

"ನಂಗೊಂದು, ನಿಂಗೊಂದು ಅಣ್ಣ. ಯಾರ್ದು ಮೊದ್ಲು ಹಾರ್ತದೋ ನೋಡೇ ಬಿಡಣ."

"ನೀನು ಕೋಳಿ ಸಾಕ್ದಂಗೆ ಸಾಕ್ತೀಯ."

"ಇನ್ನೇನು, ನಿನ್ನಂಗೆ ಪುಸ್ತಕ ಓದ್ಕೊಂಡು ಸಾಕ್ಲಾ?"

ನನ್ನ ಹೆಂಡತಿ ಗೌರಿಬಿದನೂರಿನ ಕಡೆಯವಳು, ಮಾತು ಕಡಿಮೆ. ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಹುಳ ಇಲ್ದೆ ನಿಮ್ ಕೈ ಸುಮ್ನೆ ಇರಲ್ಲ."

ಅದನ್ನು ಆಗ ನಾನು ಅಲ್ಲಗಳೆದೆ. ಮರಿಯೊಂದರ ಜೀವ ಉಳಿಸುವುದಷ್ಟೇ ನನ್ನ ಉದ್ದೇಶವೆಂದು ವಾದಿಸಿದೆ. ಉದ್ದೇಶ ಅದೇ ಆಗಿತ್ತು. ಮರಿ ತನ್ನ ಕಾಲ ಮೇಲೆ ನಿಂತು, ತನ್ನ ರೆಕ್ಕೆಯಿಂದ ನಮ್ಮ ಮನೆಯ ಮಾಡು ದಾಟಿ ಹೋಗಬೇಕು. ಆದರೆ ಅದು ಚಾಕಿ ಕೋಣೆಯಿಂದಲೇ ಎದ್ದು ಹೋಗಬೇಕೆಂದೂ ಇತ್ತು.

ಅರಣ್ಯ ಇಲಾಖೆಯ ಕಾವಲುಗಾರರೊಬ್ಬರಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ಮೂರನೆಯ ದಿನ ಅವರು ಫೋನ್ ಮಾಡಿ, ಇಂಥ ಹಕ್ಕಿಯನ್ನು ಮನೆಯಲ್ಲಿ ಸಾಕುವಂತಿಲ್ಲವೆಂದೂ, ಬೆಂಗಳೂರಿನಲ್ಲಿ ಆರೈಕೆ ಮಾಡುವ ಕೇಂದ್ರವಿದೆಯೆಂದೂ, ಗಾಡಿ ತರುತ್ತೇನೆಂದೂ ಹೇಳಿದರು. ಮರಿಗಳನ್ನು ಆಗಲೇ ಅಲ್ಲಿಗೆ ಕಳುಹಿಸಿಯಾಯಿತೆಂದು ನಾನು ಹೇಳಿದೆ. ಅವರು ನಂಬಿದರು, ಈ ಹೋಬಳಿಯಲ್ಲಿ ನನ್ನ ಮಾತನ್ನು ಯಾರೂ ಅನುಮಾನಿಸುವುದಿಲ್ಲ.

ಕೋಣೆಯನ್ನು ತೊಳೆದು, ಬ್ಲೀಚಿಂಗ್ ಪುಡಿ ಎರಚಿ, ಒಣಗಿಸಿದೆ. ಕಿಟಕಿಗೆ, ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಬಾರದಂತೆ ಹಾಕಿದ್ದ ನೈಲಾನ್ ಬಲೆ ಹಾಗೆಯೇ ಇತ್ತು. ಅದರ ಮೇಲೆ ಗೋಣಿ ಇಳಿಬಿಟ್ಟೆ. ಬಿದಿರಿನ ತಟ್ಟೆಯಲ್ಲಿ ಕಾಗದ ಹಾಸಿ ಮರಿಯನ್ನು ಕೂರಿಸಿದೆ. ಬಾಗಿಲಲ್ಲಿ ಸುಣ್ಣವಿಟ್ಟೆ. ಬೆಳಿಗ್ಗೆ ಕೋಳಿ ಅಂಗಡಿಗೆ ಹೋಗಿ, ಚರ್ಮವಿಲ್ಲದ, ಮೂಳೆಯಿಲ್ಲದ ಎದೆಯ ಭಾಗವನ್ನು ಕೇಳಿ ತರುತ್ತಿದ್ದೆ. ಅದನ್ನು ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ನರ ಬಿಡಿಸಿ, ಸೊಪ್ಪು ಕತ್ತರಿಸುತ್ತಿದ್ದ ಕತ್ತಿಯಿಂದಲೇ ಕಡಲೆಬೇಳೆಯ ಗಾತ್ರಕ್ಕೆ ಕತ್ತರಿಸಿ, ದಿನಕ್ಕೆ ನಾಲ್ಕು ಸಲ ಕೊಡುತ್ತಿದ್ದೆ. ಅಂಗಡಿಯವನು ಮೊದಲ ವಾರವೇ ಹೇಳಿದ್ದ:

"ತಾತ, ಹದ್ದಿಗೆ ಯಾಕೆ ಬೋನ್‌ಲೆಸ್ಸು? ತಲೆ, ಕಾಲು, ಲಿವರ್ ಇಲ್ಲಿ ಸುಮ್ನೆ ಬಿದ್ದೈತೆ. ದಿನಾ ನಮ್ ಅಂಗ್ಡಿ ಹಿಂದೆ ಬರೋ ಹದ್ದುಗಳು ಅದನ್ನೇ ಎತ್ಕೊಂಡ್ ಹೋಗೋದು."

"ದೊಡ್ಡ ಹದ್ದು ತಿನ್ನೋದೇ ಬೇರೆ, ಮರಿ ತಿನ್ನೋದೇ ಬೇರೆ ಕಣಪ್ಪ."

"ಮರೀಗೂ ಅದನ್ನೇ ತಾನೇ ತಗೊಂಡ್ ಹೋಗಿ ಕೊಡೋದು?"

ನಾನು ದುಡ್ಡು ಕೊಟ್ಟು ಹೊರಟೆ. ಅಂಗಡಿಯ ಹಿಂದೆ ಕುಳಿತು ನೋಡಿದವನ ಮಾತು ಅದು. ನನಗೆ ಅದು ಜನರು ಹೇಳುವ ಮಾತುಗಳಲ್ಲಿ ಮತ್ತೊಂದಾಗಿ ಕೇಳಿಸಿತು.

ಮರಿ ಚೆನ್ನಾಗಿ ತಿಂದಿತು. ಹೊಟ್ಟೆ ದುಂಡಗಾಯಿತು. ಪ್ರತಿದಿನ ತೂಕ ಮಾಡಿ ಬರೆದಿಟ್ಟೆ. ಆ ಪುಟಗಳನ್ನು ಈಗ ತೆರೆದು ನೋಡಿದರೂ ಏರಿಕೆಯೇ ಕಾಣುತ್ತದೆ. ಮೂರನೆಯ ವಾರ ತಂಗಿ ಮದುವೆಯೊಂದಕ್ಕೆಂದು ಬಂದವಳು ಕೋಣೆಗೆ ಇಣುಕಿದಳು.

"ಅಯ್ಯೋ ದೇವುಡಾ! ಹದ್ದಿಗೂ ಚಾಕಿ ಕಟ್ತಿದೀಯಲ್ಲೋ ಅಣ್ಣ! ಮೂಳೆ ತೆಗ್ದು, ಬೆಚ್ಚಗೆ ಮುಚ್ಚಿಟ್ಟು... ಇದೇನು ಹದ್ದಾ, ಬಾಣಂತೀನಾ?"

"ನಿಂದು ಹೆಂಗೈತೆ?"

"ಅಂಗಳದಾಗೆ ಕಲ್ ಮೇಲೆ ನಿಂತ್ಕೊಂಡು ರೆಕ್ಕೆ ಬಡೀತದೆ. ನನ್ ಹುಂಜಾನೇ ಹೆದರ್ಸ್ತದೆ. ಕೋಳಿಮರಿ ಮುಟ್ಟಿದ್ರೆ ಕಾಲ್ ಮುರಿತೀನಿ ಅಂತ ದಿನಾ ಬೈತೀನಿ, ಕೇಳಲ್ಲ. ನಿಂದ್ಯಾಕಣ್ಣ ಕೂತೇ ಇರ್ತದೆ?"

ಅದು ಕೂತೇ ಇತ್ತು ನಿಜ. ಪಾದದ ಮೇಲೆ ನಿಲ್ಲುವ ಬದಲು ಮೊಣಕಾಲನ್ನೂ ಊರಿ, ಎದೆಯನ್ನು ತಟ್ಟೆಗೆ ತಾಗಿಸಿ ಕೂರುತ್ತಿತ್ತು. ರೆಕ್ಕೆಗಳಲ್ಲಿ ಗರಿಯ ಕೊಳವೆಗಳು ಕಾಣತೊಡಗಿದ್ದ ಸಮಯ ಅದು. ತುಪ್ಪಳ ಉದುರಿ ಗರಿ ಬರುತ್ತಿದೆ, ಪೊರೆ ಬಿಟ್ಟಂತೆಯೇ ಇದು, ಜ್ವರಕ್ಕೆ ಕೂತಿದೆ ಎಂದು ತೀರ್ಮಾನಿಸಿದೆ. ಹಾಗೆಂದು ನೋಟ್ ಪುಸ್ತಕದಲ್ಲಿ ಬರೆದೂ ಇದ್ದೇನೆ. ಜ್ವರಕ್ಕೆ ಕೂತದ್ದನ್ನು ಮುಟ್ಟಬಾರದು, ಮೇವು ಹಾಕಬಾರದು. ಎರಡು ದಿನ ಹಾಕಲಿಲ್ಲ. ಅದು ನನ್ನನ್ನು ಕಂಡಾಗಲೆಲ್ಲ ಬಾಯಿ ತೆರೆಯುತ್ತಿತ್ತು. ಹುಳು ಬಾಯಿ ತೆರೆಯುವುದಿಲ್ಲ ಎಂಬ ವ್ಯತ್ಯಾಸ ನನಗೆ ಹೊಳೆಯಲಿಲ್ಲ. ಐವತ್ತು ವರ್ಷ ಒಂದನ್ನೇ ನೋಡಿದ ಕಣ್ಣು ಎರಡನೆಯದನ್ನೂ ಅದೇ ಎಂದು ನೋಡಿತು.

ಇಲ್ಲಿ ಇನ್ನೊಂದು ವಿಷಯವನ್ನೂ ಬರೆಯಬೇಕು. ಹಿಂದಿನ ವರ್ಷ ನನ್ನ ಹೆಂಡತಿಗೆ ಮಂಡಿನೋವಿದ್ದಾಗ, ವಿಟಮಿನ್ ಡಿ ಕಡಿಮೆಯಿದೆಯೆಂದು ವೈದ್ಯರು ವಾರಕ್ಕೊಂದರಂತೆ ಹಾಲಿಗೆ ಬೆರೆಸಿ ಕುಡಿಯುವ ಪುಡಿ ಬರೆದುಕೊಟ್ಟಿದ್ದರು. ನಾನು ಅದನ್ನು ನಂಬಲಿಲ್ಲ. ಇಷ್ಟು ಬಿಸಿಲು ಬೀಳುವ ನೆಲದಲ್ಲಿ ಬಿಸಿಲಿನ ಕೊರತೆಯನ್ನು ಪೊಟ್ಟಣದಿಂದ ತುಂಬಬೇಕೇ ಎಂದು ಕೇಳಿ, ಬೆಳಿಗ್ಗೆ ಒಂದು ಗಂಟೆ ಅವಳನ್ನು ಜಗಲಿಯ ಬಿಸಿಲಿಗೆ ಕೂರಿಸುವ ಕ್ರಮ ಹಾಕಿದೆ. ಅವಳು ಪುಡಿಯನ್ನೂ ಕುಡಿದಳು, ಬಿಸಿಲಿಗೂ ಕೂತಳು, ನೋವು ಕಡಿಮೆಯಾಯಿತು, ಯಾವುದರಿಂದ ಎಂಬ ವಾದ ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ. ಮರಿ ಮೇವಿಲ್ಲದೆ ಕಳೆದ ಎರಡನೆಯ ದಿನ ಅವಳು ಜಗಲಿಯಲ್ಲಿ ಕೂತೇ ಹೇಳಿದಳು:

"ನನ್ನ ಬಿಸ್ಲಿಗೆ ಕೂರ್ಸ್ತೀರ. ಅದನ್ನ ಕತ್ಲಲ್ಲಿ ಇಡ್ತೀರ."

ನಾನು ಒಳಗೆ ಹೋಗಿ ಮರಿಯನ್ನು ಎತ್ತಿಕೊಂಡೆ. ಹೊರಗೆ ತರಬೇಕೆಂದು ಎತ್ತಿದೆನೋ, ಅವಳ ಮಾತಿಗೆ ಪ್ರತ್ಯುತ್ತರ ಸಿದ್ಧಪಡಿಸಬೇಕೆಂದು ಎತ್ತಿದೆನೋ, ಈಗ ಹೇಳಲಾರೆ. ಹೆಬ್ಬೆರಳಿನ ಕೆಳಗೆ ಅದರ ಕಾಲು ಹಸಿ ಹಿಪ್ಪುನೇರಳೆ ಕಡ್ಡಿಯಂತೆ ಬಾಗಿತು. ಮುರಿದ ಸದ್ದು ಬರಲಿಲ್ಲ. ಮರಿ ಕೂಗಿತು. ಅಷ್ಟು ಗಟ್ಟಿಯಾಗಿ ಅದು ಕೂಗಿದ್ದು ಅದೇ ಮೊದಲು.

ಮರುದಿನ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋದೆ. ರಟ್ಟಿನ ಪೆಟ್ಟಿಗೆಯಲ್ಲಿ ಮರಿ, ಕೈಯಲ್ಲಿ ನೋಟ್ ಪುಸ್ತಕ. ಹಕ್ಕಿಗಳನ್ನು ನೋಡುವ ಪಶುವೈದ್ಯೆಯೊಬ್ಬರು ಅಲ್ಲಿದ್ದಾರೆಂದು ಕೇಳಿ ತಿಳಿದಿದ್ದೆ. ವಯಸ್ಸು ಮೂವತ್ತರ ಒಳಗೆ. ಪುಸ್ತಕವನ್ನು ಅವರು ತೆರೆಯಲಿಲ್ಲ.

"ಏನ್ ತಿನ್ನಿಸ್ತಿದ್ರಿ ತಾತ?"

"ಕೋಳಿ ಮಾಂಸ. ಎದೆ ಭಾಗ. ಒಳ್ಳೇದನ್ನೇ."

"ಮೂಳೆ?"

"ಇಲ್ಲ."

"ಲಿವರ್? ಇಲಿ, ಓತಿಕ್ಯಾತ, ಏನಾದ್ರೂ ಪೂರ್ತಿಯಾಗಿ?"

"ಇಲ್ಲ."

"ಬಿಸ್ಲು?"

ಕಿಟಕಿಗೆ ಗೋಣಿ ಕಟ್ಟಿದ್ದೆ ಎಂದೆ. "ಎಷ್ಟು ದಿನದಿಂದ?" ಎಂದರು. ಇಪ್ಪತ್ತೆರಡು ದಿನ ಎಂದೆ. ಅವರು ಮರಿಯನ್ನು ಎತ್ತಿಕೊಂಡ ರೀತಿ ಬೇರೆಯಿತ್ತು, ಇಡೀ ದೇಹಕ್ಕೆ ಅಂಗೈಯನ್ನು ಹಾಸಿಕೊಟ್ಟಂತೆ. ಎಕ್ಸ್‌ರೇ ತೆಗೆಸಿ, ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬರೀ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಬೆಳೆಯುವ ಮರಿಯ ಮೈ ಅದನ್ನು ತನ್ನ ಮೂಳೆಗಳಿಂದಲೇ ಕಿತ್ತುಕೊಳ್ಳುತ್ತದೆ, ವಿಟಮಿನ್ ಡಿ ಇಲ್ಲದಿದ್ದರೆ ಕೊಟ್ಟ ಕ್ಯಾಲ್ಸಿಯಂ ಕೂಡ ಮೂಳೆಗೆ ಸೇರುವುದಿಲ್ಲ ಎಂದು ವಿವರಿಸಿದರು. ಎರಡು ಕಾಲು, ಒಂದು ರೆಕ್ಕೆ, ಒಟ್ಟು ಏಳು ಕಡೆ ಮುರಿದಿದೆ, ಕೆಲವು ಮುರಿದು ಸೊಟ್ಟಗೆ ಕೂಡಿಕೊಂಡಿವೆ ಎಂದರು.

"ವಿಟಮಿನ್ನಾ, ಕ್ಯಾಲ್ಸಿಯಮ್ಮಾ? ಯಾವ್ದು ಕಮ್ಮಿ ಆಯ್ತು ಅಂತ ನಿಮ್ಗೆ ಹೆಂಗೆ ಗೊತ್ತಾಯ್ತು?"

"ಎರಡೂ ಇರ್ಬೋದು. ರಕ್ತ ತೆಗ್ದು ನೋಡೋ ಸ್ಥಿತೀಲಿ ಇದಿಲ್ಲ. ಎಷ್ಟೆಷ್ಟು ಅಂದ್ರೆ ನಂಗೆ ಗೊತ್ತಿಲ್ಲ ತಾತ."

ಗೊತ್ತಿಲ್ಲ ಎನ್ನುವವರನ್ನು ನಾನು ಗೌರವಿಸುತ್ತೇನೆ. ಆದರೂ ಬಿಡಲಿಲ್ಲ.

"ಮರದಿಂದ ಬಿದ್ದ ಪೆಟ್ಟಿರ್ಬೋದಲ್ಲ."

"ಬಿದ್ದಾಗ ಪೆಟ್ಟಾಗಿತ್ತಾ?"

"ಇಲ್ಲ."

"ಮತ್ತೆ?"

"ಹುಟ್ಟಿನ ದೋಷ ಇರ್ಬೋದು. ಇದೇ ಗೂಡಿನ ಇನ್ನೊಂದು ಮರಿ ನನ್ ತಂಗಿ ಹತ್ರ ಇದೆ. ನಾಳೆ ತರಿಸ್ತೀನಿ. ಅದರದ್ದೂ ತೆಗೀರಿ. ಎರಡೂ ಪಕ್ಕದಲ್ಲಿಟ್ಟು ನೋಡಿ ಆಮೇಲೆ ಒಪ್ತೀನಿ."

ಅವರು ಫಿಲ್ಮನ್ನು ಕೆಳಗಿಟ್ಟರು. "ಇದು ಇನ್ನು ನಿಲ್ಲಲ್ಲ ತಾತ. ಇಟ್ಕೊಂಡ್ರೆ ನೋವೇ. ಮಲಗಿಸಿಬಿಡೋದು ಒಳ್ಳೇದು ಅಂತ ನನ್ ಅಭಿಪ್ರಾಯ. ನಿಮ್ಮನ್ನ ಒಪ್ಸೋಕೆ ಇನ್ನೊಂದು ದಿನ ಇದು ನೋವು ತಿನ್ಬೇಕಾ?"

ತಿನ್ನಬೇಕು ಎಂದು ನಾನು ಹೇಳಲಿಲ್ಲ. ನಾಳೆ ಬರುತ್ತೇನೆ ಎಂದೆ. ನೋವಿಗೆ ಔಷಧಿ ಹಾಕಿ ಮರಿಯನ್ನು ಅಲ್ಲೇ ಇಟ್ಟುಕೊಂಡರು. ಆ ಒಂದು ದಿನವನ್ನು ನಾನು ಬೇರೆ ಯಾರ ಲೆಕ್ಕಕ್ಕೂ ಹಾಕಲಾರೆ.

ಮರುದಿನ ತಂಗಿ ಚಿಂತಾಮಣಿಯ ಬಸ್ಸಿನಿಂದ ಇಳಿದಾಗ ಅವಳ ಮಂಕರಿಯ ಮೇಲೆ ಹಳೆಯ ಸೀರೆಯ ತುಂಡು ಕಟ್ಟಿತ್ತು, ಒಳಗಿನಿಂದ ಅದು ಎದ್ದೆದ್ದು ಬೀಳುತ್ತಿತ್ತು. ಬಸ್ಸಿನಲ್ಲಿ ಯಾರದೋ ಹೂವಿನ ಬುಟ್ಟಿಗೆ ಕೊಕ್ಕು ಹಾಕಿತೆಂದು ದಾರಿಯುದ್ದಕ್ಕೂ ನಗುತ್ತ ಹೇಳಿದಳು. ನನ್ನ ಮರಿಗೆ ಏನಾಗಿದೆಯೆಂದು ನಾನು ಅವಳಿಗೆ ಫೋನಿನಲ್ಲಿ ಸರಿಯಾಗಿ ಹೇಳಿರಲಿಲ್ಲ.

"ಇದಕ್ಕೇನ್ ಕೊಡ್ತಿದ್ರಿ ಅಮ್ಮ?" ಎಂದು ಡಾಕ್ಟರಮ್ಮ ಕೇಳಿದರು.

"ನಾನೇನ್ ಕೊಡ್ತೀನಮ್ಮ. ಕೋಳಿ ಕೊಯ್ದಾಗ ತಲೆ, ಕಾಲು, ಕರುಳು. ಬೋನಿಗೆ ಬಿದ್ದ ಇಲಿ. ಬಿಸ್ಲಾಗೆ ಕಲ್ ಮೇಲೆ ಕೂತಿರ್ತಿತ್ತು, ಸೆಕೆ ಆದ್ರೆ ತಾನೇ ನೆಳ್ಳಿಗೆ ಹೋಗ್ತಿತ್ತು. ನಾನು ಓದ್ದೋಳಲ್ಲ. ಮೂಳೇನೂ ಆಮೇಲೆ ಉಂಡೆ ಮಾಡಿ ಉಗೀತದೆ ಅನ್ಕೊಂಡಿದ್ದೆ, ಗರಿ ಕೂದ್ಲು ಮಾತ್ರ ಉಗೀತು."

ಎರಡು ಫಿಲ್ಮುಗಳನ್ನು ಕಿಟಕಿಯ ಗಾಜಿಗೆ ಅಕ್ಕಪಕ್ಕ ಅಂಟಿಸಿದರು. ತಂಗಿಯ ಮರಿಯ ಮೂಳೆಗಳು ಗೋಡೆಗೆ ಬಳಿದ ಸುಣ್ಣದಷ್ಟು ಬೆಳ್ಳಗಿದ್ದವು, ಅಂಚು ಸ್ಪಷ್ಟವಾಗಿತ್ತು. ನನ್ನ ಮರಿಯದರಲ್ಲಿ ಮಾಂಸ ಎಲ್ಲಿ ಮುಗಿದು ಮೂಳೆ ಎಲ್ಲಿ ಮೊದಲಾಗುತ್ತದೆಂದು ಹುಡುಕಬೇಕಾಗಿತ್ತು. ಒಂದೇ ಗೂಡು, ಒಂದೇ ತಾಯಿ, ಬಿದ್ದದ್ದೂ ಒಂದೇ ಎತ್ತರದಿಂದ. ನಾನೇ ಕೇಳಿದ ಪರೀಕ್ಷೆ. ಅದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನು ಇಂದಿಗೂ ಯೋಚಿಸಲಾರೆ.

ತಂಗಿ ಮೊದಲು ಫಿಲ್ಮುಗಳನ್ನು ನೋಡಿದಳು, ಆಮೇಲೆ ಮೇಜಿನ ಮೇಲಿದ್ದ ಮರಿಯನ್ನು.

ನಾನು ಸರಿ ಎಂದೆ. ಕಾಗದಕ್ಕೆ ಸಹಿ ಹಾಕಿದೆ. ಹೊರಗೆ ಕೂರುತ್ತೀರಾ ಎಂದು ಡಾಕ್ಟರಮ್ಮ ಕೇಳಿದರು. ಇಲ್ಲ, ಇಲ್ಲೇ ಇರುತ್ತೇನೆ ಎಂದೆ. ಮೊದಲು ನಿದ್ದೆ ಬರುವ ಔಷಧಿ, ಅನಂತರ ಇನ್ನೊಂದು. ಮರಿ ನನ್ನನ್ನು ಕಂಡು ಬಾಯಿ ತೆರೆಯಿತು, ಮೇವು ತಂದಿದ್ದೇನೆಂದು. ಒಂದು ತಟ್ಟೆಯ ಹಾಸು ಬದಲಿಸಲು ಬೇಕಾಗುವಷ್ಟು ಸಮಯವೂ ಆಗಲಿಲ್ಲ. ತಂಗಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಅವಳಿಗೆ ಓದಲು ಬಾರದು.

ಬಸ್ ನಿಲ್ದಾಣದಲ್ಲಿ ಅವಳ ಮಂಕರಿ ನಮ್ಮಿಬ್ಬರ ಕಾಲುಗಳ ನಡುವೆ ಇತ್ತು. ಸೀರೆಯ ತುಂಡು ಎದ್ದೆದ್ದು ಬೀಳುತ್ತಿತ್ತು. ನಾನು ಅಲ್ಲಿಂದಲೇ ಆ ಕಾವಲುಗಾರರಿಗೆ ಫೋನ್ ಮಾಡಿ, ಅಂದು ಹೇಳಿದ್ದು ಸುಳ್ಳೆಂದು ತಿಳಿಸಿದೆ. ಅವರು "ನೀವಾ ಯಜಮಾನ್ರೇ?" ಎಂದರು. ತಂಗಿಯ ಮರಿಯನ್ನು ಆರೈಕೆ ಕೇಂದ್ರಕ್ಕೆ ಒಯ್ದರು. ತಿಂಗಳ ಮೇಲೆ ಅದನ್ನು ಹಾರಬಿಟ್ಟರಂತೆ. ನಾನು ನೋಡಿಲ್ಲ, ಅವರು ಹೇಳಿದ್ದನ್ನು ಬರೆದಿದ್ದೇನೆ.

"ಊಟ ಮಾಡ್ದ್ಯಾ ಅಣ್ಣ?" ಎಂದು ತಂಗಿ ಕೇಳಿದ್ದು ಬಿಟ್ಟರೆ ಬಸ್ ಹತ್ತುವವರೆಗೆ ಬೇರೆ ಮಾತಿಲ್ಲ. ಬಾಣಂತಿ ಎಂದಾಗಲಿ, ಪುಸ್ತಕ ಎಂದಾಗಲಿ ಅವಳು ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ಅವಳ ಅಂಗಳಕ್ಕೆ ಈಗಲೂ ಹೋಗುತ್ತೇನೆ. ಕೋಳಿಗಳಿಗೆ ಏನೇನೋ ಬೈಯುತ್ತಾಳೆ. ಕಾಲು ಮುರಿಯುತ್ತೇನೆ ಎಂದು ಮಾತ್ರ ಬೈಯುವುದಿಲ್ಲ.

ಮನೆಗೆ ಬಂದು ಬಾಗಿಲ ಸುಣ್ಣವನ್ನು ಅಭ್ಯಾಸದಂತೆ ತುಳಿದು ಒಳಗೆ ಹೋದೆ. ತಟ್ಟೆಗೆ ಹಾಸಿದ್ದ ಕಾಗದವನ್ನು ಸುಟ್ಟೆ. ಕಿಟಕಿಯ ಗೋಣಿ ತೆಗೆದೆ. ನೆಲ ತೊಳೆದೆ. ಬೆಳೆ ಮುಗಿದ ಮೇಲೆ ತಟ್ಟೆಗಳನ್ನು ತೊಳೆದು ಎರಡು ದಿನ ಬಿಸಿಲಿಗೆ ಹಾಕಬೇಕು, ಬಿಸಿಲು ಬಿದ್ದರೇ ರೋಗ ಸಾಯುವುದು ಎಂದು ಐವತ್ತು ವರ್ಷ ಊರಿಗೆಲ್ಲ ಹೇಳಿಕೊಟ್ಟವನು ನಾನೇ. ಒಂದು ಬೆಳೆಯಲ್ಲೂ ತಪ್ಪಿಸಿಲ್ಲ. ಆ ತಟ್ಟೆಯನ್ನೂ ತೊಳೆದು ಅಂಗಳಕ್ಕೆ ತಂದು, ಜಗಲಿಯಲ್ಲಿ ಕೂತಿದ್ದ ಹೆಂಡತಿಯ ಪಕ್ಕದಲ್ಲಿ, ಬಿಸಿಲು ಚೆನ್ನಾಗಿ ಬೀಳುವ ಕಡೆ ಗೋಡೆಗೆ ಒರಗಿಸಿದೆ. ಅವಳು ಸ್ವಲ್ಪ ಸರಿದು ಅದಕ್ಕೆ ಜಾಗ ಬಿಟ್ಟಳು.